ಅಪ್ಪನ ಡಿಸ್ಚಾರ್ಜ್ ಬುಕ್‌ನಲ್ಲಿ 1971ರ ಮೆಡಲ್‌ಗಳೇ ಇಲ್ಲ, ಸರಿ ಮಾಡಿಸುವುದು ಹೇಗೆ?

ಹೇಮಾವತಿ ತೀರ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆ ಸೇನೆಗೆ ಸೇರಿದ್ದು 1963ರಲ್ಲಿ. ಚೀನಾ ಯುದ್ಧದ ಮರುವರ್ಷ, ಎಲ್ಲೆಲ್ಲೂ ಭರ್ತಿ ನಡೆಯುತ್ತಿದ್ದ ಕಾಲ. 1965ರ ಯುದ್ಧದ ಹೊತ್ತಿಗೆ ತರಬೇತಿ ಮುಗಿಸಿ ಹಿಂದಿನ ಸಾಲಿನ ಯೂನಿಟ್ ಒಂದರಲ್ಲಿದ್ದರು. 1971ರ ಡಿಸೆಂಬರ್‌ನಲ್ಲಿ ಮಾತ್ರ ಪಶ್ಚಿಮ ಗಡಿಯ ಶಕರ್‌ಗಢ ಸೆಕ್ಟರ್‌ನಲ್ಲೇ ಇದ್ದರು. 1979ರಲ್ಲಿ ನಾಯಕ್ ಆಗಿ ಪೆನ್ಷನ್ ಮೇಲೆ ಊರಿಗೆ ಬಂದರು. ಈಗ ಎಂಬತ್ತು ದಾಟಿದೆ. ನೆನಪು ಇನ್ನೂ ಗಟ್ಟಿ.

ಇತ್ತೀಚೆಗೆ ಪೆನ್ಷನ್ ಕೆಲಸಕ್ಕೆಂದು ಅವರ ಡಿಸ್ಚಾರ್ಜ್ ಬುಕ್ (ಸೇನೆ ಬಿಡುವಾಗ ಕೊಡುವ ಸೇವಾ ದಾಖಲೆ ಪುಸ್ತಕ) ತೆಗೆದೆ. ಮೆಡಲ್ ಕಾಲಂನಲ್ಲಿ ರಕ್ಷಾ ಮೆಡಲ್ 1965, ಸೈನ್ಯ ಸೇವಾ ಮೆಡಲ್, ಒಂಬತ್ತು ವರ್ಷದ ಲಾಂಗ್ ಸರ್ವಿಸ್ ಮೆಡಲ್, ಇಷ್ಟೇ ಇವೆ. 1971ರದ್ದು ಒಂದೂ ಇಲ್ಲ. ಅವರದೇ ಕಂಪನಿಯಲ್ಲಿದ್ದ ಹೊಳೆನರಸೀಪುರ ಕಡೆಯ ಒಬ್ಬರ ಬುಕ್‌ನಲ್ಲಿ ಪಶ್ಚಿಮಿ ಸ್ಟಾರ್ ಇದೆ, ಸಂಗ್ರಾಮ್ ಮೆಡಲ್ ಕೂಡ ಇದೆ. ಇಬ್ಬರೂ ಒಂದೇ ಟ್ರೆಂಚ್‌ನಲ್ಲಿ ಮಲಗಿದವರು. ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದೇ ಇರೋದು ಹೇಗೆ?

ಯುದ್ಧ ಮುಗಿದ ಸ್ವಲ್ಪ ದಿನಕ್ಕೆ ಅಪ್ಪನಿಗೆ ಕಾಮಾಲೆ ಆಗಿ ಮಿಲಿಟರಿ ಆಸ್ಪತ್ರೆ ಸೇರಿದರು. ಅಲ್ಲಿಂದ ನೇರ ಬೇರೆ ಕಡೆ ಪೋಸ್ಟಿಂಗ್ ಆಯಿತು. ಹಳೇ ಯೂನಿಟ್‌ಗೆ ಮತ್ತೆ ಹೋಗಲೇ ಇಲ್ಲ. ಇದಕ್ಕೂ ಅದಕ್ಕೂ ಸಂಬಂಧ ಇರಬಹುದಾ?

ದಾಖಲೆ ಕಚೇರಿಗೆ ಒಂದು ಕಾಗದ ಬರೆದೆವು. "ದಾಖಲೆ ಪ್ರಕಾರ ಯಾವ ಮೆಡಲೂ ಬಾಕಿ ಇಲ್ಲ" ಎಂದು ಒಂದು ಸಾಲಿನ ಉತ್ತರ ಬಂತು. ಅಪ್ಪ "ಬಿಡಮ್ಮ, ಕೊಡೋ ಹಾಗಿದ್ದರೆ ಆಗಲೇ ಕೊಡುತ್ತಿದ್ದರು" ಅನ್ನುತ್ತಾರೆ. ನನಗೆ ಬಿಡಲು ಮನಸ್ಸಿಲ್ಲ. ತಿಳಿದವರು ದಾರಿ ಹೇಳಿ.

ಕ್ಲರ್ಕ್ ಸಾಬ್

ತಂಗಿ, ನಾನು ಸೇನೆಯಲ್ಲಿ ಕ್ಲರ್ಕ್ ಆಗಿದ್ದವನು. ಇಂಥ ಕಾಗದಗಳ ನಡುವೆಯೇ ನನ್ನ ಸರ್ವಿಸ್ ಕಳೆಯಿತು. ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ಆಸ್ಪತ್ರೆ, ಆಮೇಲೆ ಪೋಸ್ಟಿಂಗ್. ಮೆಡಲ್ ತಪ್ಪಿದ್ದು ಬಹುಪಾಲು ಅಲ್ಲೇ.

ಮೆಡಲ್ ದಾಖಲೆಗೆ ಏರುವುದು ಹೇಗೆ ಅಂತ ಮೊದಲು ಹೇಳುತ್ತೇನೆ. ಪಶ್ಚಿಮಿ ಸ್ಟಾರ್, ಪೂರ್ವಿ ಸ್ಟಾರ್, ಸಂಗ್ರಾಮ್ ಮೆಡಲ್, ಇವೆಲ್ಲ ಯುದ್ಧದ ಸಮಯದಲ್ಲಿ ಇದ್ದ ಮೆಡಲ್‌ಗಳಲ್ಲ. ಯುದ್ಧ ಮುಗಿದ ಮೇಲೆ ಸರ್ಕಾರ ಸ್ಥಾಪಿಸಿದ್ದು. ಆಗ ಯೂನಿಟ್‌ಗಳಲ್ಲಿ ಅರ್ಹರ ಪಟ್ಟಿ ತಯಾರಾಯಿತು. ಆ ಪಟ್ಟಿಯ ಮೇಲೆ ಪಾರ್ಟ್ ಟೂ ಆರ್ಡರ್ ಹೊರಟಿತು. ಸಿಪಾಯಿಯ ಜೀವನದಲ್ಲಿ ಏನೇ ಬದಲಾದರೂ, ಮದುವೆ, ಮಗು, ಬಡ್ತಿ, ರಜೆ, ಮೆಡಲ್, ಎಲ್ಲಕ್ಕೂ ಪಾರ್ಟ್ ಟೂ ಆರ್ಡರ್ ಬೇಕು. ಅದು ದಾಖಲೆ ಕಚೇರಿಗೆ ಹೋಗಿ ಶೀಟ್ ರೋಲ್‌ನಲ್ಲಿ, ಅಂದರೆ ಸಿಪಾಯಿಯ ಪೂರ್ತಿ ಸೇವೆಯ ದಾಖಲೆ ಹಾಳೆಯಲ್ಲಿ, ಬರೆಯಲ್ಪಟ್ಟರೆ ಮಾತ್ರ ಆ ವಿಷಯ ನಡೆದ ಹಾಗೆ. ಇಲ್ಲದಿದ್ದರೆ ಕಾಗದದ ಪ್ರಕಾರ ನಡೆದೇ ಇಲ್ಲ.

ನಿಮ್ಮ ತಂದೆ ಪಟ್ಟಿ ಆಗುವಾಗ ಹಳೇ ಯೂನಿಟ್‌ನ ಲೆಕ್ಕದಲ್ಲಿ ಇರಲಿಲ್ಲ. ಹೊಸ ಯೂನಿಟ್ ಆ ಸೆಕ್ಟರ್‌ನಲ್ಲಿ ಇರಲೇ ಇಲ್ಲ, ಹಾಗಾಗಿ ಅವರು ಪಟ್ಟಿ ಮಾಡುವ ಪ್ರಶ್ನೆ ಬರಲಿಲ್ಲ. ಇವರು ಅವರ ಕೆಲಸ ಅಂದುಕೊಂಡರು, ಅವರು ಇವರ ಕೆಲಸ ಅಂದುಕೊಂಡರು. ನಡುವೆ ಮನುಷ್ಯ ಬಿಟ್ಟುಹೋದ. ಯಾರೋ ಬೇಕೆಂದೇ ಮಾಡಿದ್ದಲ್ಲ. ಆದರೂ ತಪ್ಪು ತಪ್ಪೇ, ಸರಿ ಮಾಡಿಸಲೇಬೇಕು.

ಈಗ ಬಂದ ಉತ್ತರವನ್ನು ಸರಿಯಾಗಿ ಓದಿ. "ದಾಖಲೆ ಪ್ರಕಾರ" ಅಂತ ಇದೆ. ಅರ್ಹತೆ ಇಲ್ಲ ಅಂತ ಅವರು ಹೇಳಿಲ್ಲ. ದಾಖಲೆಯಲ್ಲಿ ಇಲ್ಲ ಅಂತ ಮಾತ್ರ ಹೇಳಿದ್ದಾರೆ. ನೀವು "ಮೆಡಲ್ ಕೊಡಿ" ಅಂತ ಬರೆದಿರಬೇಕು. ಹಾಗೆ ಕೇಳಿದರೆ ಕ್ಲರ್ಕ್ ಶೀಟ್ ರೋಲ್ ತೆಗೆಯುತ್ತಾನೆ, ಎಂಟ್ರಿ ಇಲ್ಲ, ಉತ್ತರ ಬರೆದು ಫೈಲ್ ಮುಚ್ಚುತ್ತಾನೆ. ನೀವು ಕೇಳಬೇಕಾದದ್ದು ಬೇರೆ. "ಈ ತಾರೀಖಿನಿಂದ ಈ ತಾರೀಖಿನವರೆಗೆ ಇವರು ಈ ಯೂನಿಟ್‌ನಲ್ಲಿ, ಈ ಸೆಕ್ಟರ್‌ನಲ್ಲಿ ಇದ್ದರು. ಆದ್ದರಿಂದ ಈ ಮೆಡಲ್‌ಗೆ ಅರ್ಹರು. ಪಾರ್ಟ್ ಟೂ ಆರ್ಡರ್ ಹೊರಡಿಸಿ ಶೀಟ್ ರೋಲ್ ತಿದ್ದಿ." ಹೀಗೆ ಬರೆದರೆ ಅವರು ಅರ್ಹತೆ ಪರಿಶೀಲಿಸಲೇಬೇಕಾಗುತ್ತದೆ.

ಇನ್ನೊಂದು ಮೆಡಲ್ ನಿಮ್ಮ ಕಣ್ಣಿಗೆ ಬಿದ್ದಿಲ್ಲ. ಸ್ವಾತಂತ್ರ್ಯದ 25ನೇ ವರ್ಷದ ಮೆಡಲ್. 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆ ಕೊಟ್ಟದ್ದು. ನಿಮ್ಮ ತಂದೆ 1963ರಿಂದ 1979ರವರೆಗೆ ಇದ್ದರು. ಇದಕ್ಕೆ ಸೆಕ್ಟರ್ ಬೇಡ, ಸಾಕ್ಷಿ ಬೇಡ. ಸೇರಿದ ದಿನ, ಬಿಟ್ಟ ದಿನ ಎರಡೇ ಸಾಕು. ಇದನ್ನೂ ಅದೇ ಅರ್ಜಿಯಲ್ಲಿ ಹಾಕಿ. ಯಾಕೆ ಅಂದರೆ, ಆ ಹೊತ್ತಿನ ಪಾರ್ಟ್ ಟೂ ಆರ್ಡರ್‌ಗಳಲ್ಲಿ ಇವರ ಹೆಸರು ಬಿಟ್ಟುಹೋಗಿದೆ ಅನ್ನುವುದಕ್ಕೆ ಇದೇ ದೊಡ್ಡ ಪುರಾವೆ.

ಬೆಳಗಾವಿ ಫೌಜಿ

ಕ್ಲರ್ಕ್ ಸಾಬ್ ಹೇಳಿದ್ದು ನೂರಕ್ಕೆ ನೂರು ಖರೆ. ತಂಗಿ, ಅರ್ಜಿ ಬರೆಯುವ ಮೊದಲು ಶೀಟ್ ರೋಲ್‌ನ ಪ್ರತಿ ತರಿಸಿಕೊಳ್ಳಿ. ಡಿಸ್ಚಾರ್ಜ್ ಬುಕ್ ನಂಬಿ ಕೂಡಬೇಡಿ. ಎಷ್ಟೋ ಸಲ ಶೀಟ್ ರೋಲ್‌ನಲ್ಲಿ ಮೆಡಲ್ ಇರುತ್ತದೆ, ಡಿಸ್ಚಾರ್ಜ್ ಬುಕ್ ಬರೆಯುವಾಗ ಬಿಟ್ಟಿರುತ್ತಾರೆ. ಆಗ ಕೆಲಸ ಬಹಳ ಹಗುರ.

ಪ್ರತಿ ಸುಮ್ನೆ ಕೇಳಿದರೂ ಕೊಡಬಹುದು. ಕೊಡದಿದ್ದರೆ ಮಾಹಿತಿ ಹಕ್ಕು ಇದೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಸಾಕು, ಆನ್‌ಲೈನ್‌ನಲ್ಲೂ ಹಾಕಬಹುದು. 30 ದಿನದಲ್ಲಿ ಉತ್ತರ ಕೊಡಬೇಕು. ಒಂದು ಮಾತು ಮಾತ್ರ ನೆನಪಿರಲಿ. ಅರ್ಜಿ ನಿಮ್ಮ ತಂದೆಯ ಹೆಸರಿನಲ್ಲೇ, ಅವರ ಸಹಿಯಲ್ಲೇ ಹೋಗಬೇಕು. ಮಗಳು ಕೇಳಿದರೆ ಬೇರೆಯವರ ಖಾಸಗಿ ಮಾಹಿತಿ ಅಂತ ತಿರಸ್ಕರಿಸಬಹುದು. ತನ್ನ ದಾಖಲೆ ತಾನೇ ಕೇಳಿದರೆ ಆ ಮಾತು ನಡೆಯುವುದಿಲ್ಲ.

ಕಾಗದದ ತುದಿಯಲ್ಲಿ ಆರ್ಮಿ ನಂಬರ್ ದೊಡ್ಡದಾಗಿ ಬರೆಯಿರಿ. ಅಲ್ಲಿ ಹುಡುಕುವುದು ನಂಬರ್ ಮೇಲೆ, ಹೆಸರಿನ ಮೇಲೆ ಅಲ್ಲ. ನಮ್ಮ ಕಡೆಯ ಹೆಸರುಗಳನ್ನು ಆಗಿನ ಕಾಲದಲ್ಲಿ ಏನೇನೋ ಬರೆದಿದ್ದಾರೆ. ಬಸಪ್ಪ ಇದ್ದವನು ವಾಸಪ್ಪ ಆಗಿದ್ದಾನೆ. ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆ ಇದ್ದರೆ ಈಗಲೇ ನೋಡಿಕೊಳ್ಳಿ, ಮೆಡಲ್ ಅಂಚಿನ ಮೇಲೂ ಅದೇ ಹೆಸರು ಕೊರೆದು ಬರುತ್ತದೆ.

ಹಾಂ, ಹೊಳೆನರಸೀಪುರದ ಆ ಅಣ್ಣನ ಡಿಸ್ಚಾರ್ಜ್ ಬುಕ್‌ನ ನಕಲು ಜೊತೆಗೆ ಇಡಿ. ಅದೇ ಯೂನಿಟ್, ಅದೇ ಕಂಪನಿ, ಅದೇ ತಿಂಗಳು, ಅವರಿಗೆ ಪಶ್ಚಿಮಿ ಸ್ಟಾರ್ ಬಂದಿದೆ ಅಂದರೆ ಯೂನಿಟ್ ಅರ್ಹ ಪ್ರದೇಶದಲ್ಲಿ ಇತ್ತು ಅನ್ನುವುದು ಸಿದ್ಧವಾಯಿತು. ಉಳಿದದ್ದು ನಿಮ್ಮ ತಂದೆ ಆ ದಿನಗಳಲ್ಲಿ ಯೂನಿಟ್ ಜೊತೆ ಇದ್ದರು ಅನ್ನುವುದು ಮಾತ್ರ.

ಸಿಟಿ ಬಸ್

ಬೇಜಾರು ಮಾಡಿಕೊಳ್ಳಬೇಡಿ, ನಿಜಕ್ಕೂ ಕೇಳುತ್ತಿದ್ದೇನೆ. ಪೆನ್ಷನ್ ಬರುತ್ತಿದೆ. ಈ ಮೆಡಲ್‌ಗಳಿಂದ ಹಣ ಏನೂ ಜಾಸ್ತಿ ಆಗಲ್ಲ. 50 ವರ್ಷದ ಮೇಲೆ ಇಷ್ಟು ಓಡಾಟ ಯಾಕೆ?

ಬೆಳಗಾವಿ ಫೌಜಿ

ಹಣದ ಮಾತು ಸರಿ. ಪಶ್ಚಿಮಿ ಸ್ಟಾರ್‌ಗೆ, ಸಂಗ್ರಾಮ್ ಮೆಡಲ್‌ಗೆ ತಿಂಗಳ ಭತ್ಯೆ ಇಲ್ಲ. ಆದರೆ ಯಾಕೆ ಅನ್ನುವುದಕ್ಕೆ ನನ್ನದೇ ಕಥೆ ಹೇಳುತ್ತೇನೆ.

ನಾನು 1987ರಲ್ಲಿ ಶಾಂತಿಪಾಲನಾ ಪಡೆಯ ಜೊತೆ ಶ್ರೀಲಂಕಾದಲ್ಲಿದ್ದೆ. ಜಾಫ್ನಾದಲ್ಲಿ ಎಡಗೈಗೆ ಸ್ಪ್ಲಿಂಟರ್ ಬಡಿಯಿತು. ನಮ್ಮ ಯೂನಿಟ್ ಡಾಕ್ಟರೇ ತೆಗೆದು ಕಟ್ಟು ಹಾಕಿದರು. ಎರಡನೇ ದಿನ ಮತ್ತೆ ಪೋಸ್ಟ್‌ಗೆ ಹೋದೆ. ಆಸ್ಪತ್ರೆಗೆ ಹೋಗಲಿಲ್ಲ, ಹೋಗುವ ಹಾಗೂ ಇರಲಿಲ್ಲ, ಜನ ಕಡಿಮೆ ಇದ್ದರು. ಶತ್ರುವಿನ ದಾಳಿಯಲ್ಲಿ ಗಾಯಗೊಂಡವರಿಗೆ ವೂಂಡ್ ಮೆಡಲ್ ಅಂತ ಇದೆ. ಅದಕ್ಕೆ ಬ್ಯಾಟಲ್ ಕ್ಯಾಶುವಲ್ಟಿ ರಿಪೋರ್ಟ್, ಅಂದರೆ ಕಾಳಗದಲ್ಲಿ ಗಾಯ ಆಯಿತು ಅನ್ನುವ ಅಧಿಕೃತ ವರದಿ ಬೇಕು. ನನ್ನ ಹೆಸರಿನಲ್ಲಿ ಅದು ಆಗಿಲ್ಲ. ಕೈ ಮೇಲೆ ಗುರುತು ಇದೆ, ಕಾಗದದ ಮೇಲೆ ಇಲ್ಲ. ಅರ್ಜಿ ತಿರಸ್ಕಾರ ಆಗಿದೆ.

ಆ ದಿನ ನನ್ನ ಪಕ್ಕ ಇದ್ದವರಲ್ಲಿ ಇಬ್ಬರು ವಾಪಸ್ ಬರಲಿಲ್ಲ. ಮುಂದೆ ಯಾರಾದರೂ ನನ್ನ ಹಾಳೆ ತೆಗೆದು ನೋಡಿದರೆ, ಆ ದಿನ ಅಲ್ಲಿ ಏನೂ ಆಗಲಿಲ್ಲ ಅಂತ ತಿಳಿಯುತ್ತದೆ. ಅದು ನನಗೆ ಸಹನೆ ಆಗುವುದಿಲ್ಲ. ಇವರ ತಂದೆಯ ಹಾಳೆಯಲ್ಲಿ 1971ರ ಡಿಸೆಂಬರ್ ಖಾಲಿ ಇದೆ. ಆ ತಿಂಗಳು ಅವರು ಏನು ಕಂಡರು ಅನ್ನುವುದು ಅವರಿಗೇ ಗೊತ್ತು. ಖಾಲಿ ಬಿಡಬಾರದು.

ಸಿಟಿ ಬಸ್

ಅರ್ಥ ಆಯಿತು ಸರ್. ಕೇಳಿದ್ದಕ್ಕೆ ಇಷ್ಟು ಬಿಡಿಸಿ ಹೇಳಿದಿರಿ, ಧನ್ಯವಾದ.

ಮಡಿಕೇರಿ ಮಂಜು

50 ವರ್ಷದ ಮೇಲೆ ಯಾಕೆ ಅಂತ ಕೇಳಿದವರು ನಮ್ಮ ಮಡಿಕೇರಿಗೆ ಬಂದು ದೇವಯ್ಯ ಅವರ ಪ್ರತಿಮೆ ನೋಡಬೇಕು.

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ನಮ್ಮ ಮಿಸ್ಟೇರ್ ವಿಮಾನಗಳು ದಾಳಿಗೆ ಹೋದವು. ದೇವಯ್ಯ ಅವರ ವಿಮಾನ ವಾಪಸ್ ಬರಲಿಲ್ಲ. ನಮ್ಮ ಕಡೆಯವರು ಯಾರೂ ಆಮೇಲೆ ನಡೆದದ್ದನ್ನು ಕಂಡಿರಲಿಲ್ಲ. ಕಾಣೆಯಾದವರು ಅಂತ ದಾಖಲೆ ಆಯಿತು, ಅಷ್ಟೇ.

1979ರಲ್ಲಿ ಒಬ್ಬ ಬ್ರಿಟಿಷ್ ಲೇಖಕ ಪಾಕಿಸ್ತಾನದ ಕಡೆಯಿಂದ ಆ ಯುದ್ಧದ ಬಗ್ಗೆ ಬರೆದರು. ಅದರಿಂದ ಗೊತ್ತಾಯಿತು, ಆ ದಿನ ಪಾಕಿಸ್ತಾನದ ಒಂದು ಸ್ಟಾರ್‌ಫೈಟರ್ ವಿಮಾನವನ್ನು ಒಂದು ಮಿಸ್ಟೇರ್ ಹೊಡೆದು ಬೀಳಿಸಿತ್ತು. ಸ್ಟಾರ್‌ಫೈಟರ್ ಅಂದರೆ ಮಿಸ್ಟೇರ್‌ಗಿಂತ ಎಷ್ಟೋ ವೇಗದ ವಿಮಾನ. ನಮ್ಮವರು ಎಲ್ಲ ತಾಳೆ ನೋಡಿದಾಗ, ಹಾಗೆ ಮಾಡಿರಬಹುದಾದ ಒಬ್ಬರೇ ಇದ್ದದ್ದು, ವಾಪಸ್ ಬಾರದ ದೇವಯ್ಯ. 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಬಂತು. 23 ವರ್ಷ ಆದ ಮೇಲೆ. ಅವರ ಪತ್ನಿ ಸ್ವೀಕರಿಸಿದರು.

ಶತ್ರುವಿನ ದೇಶದ ಕಾಗದದಿಂದ ನಮ್ಮ ವೀರನ ದಾಖಲೆ ತುಂಬಿತು. ಹಾಗಿರುವಾಗ ನಮ್ಮದೇ ಕಚೇರಿಯ ಕಪಾಟಿನಲ್ಲಿರುವ ಕಾಗದದಿಂದ ನಿಮ್ಮ ತಂದೆಯದು ಆಗದೇ ಇರುತ್ತದಾ? ಹಿಡಿದ ಕೆಲಸ ಬಿಡಬೇಡಿ ಅಕ್ಕ.

ಕ್ಲರ್ಕ್ ಸಾಬ್

ಮಂಜು ಅವರೇ, ದೇವಯ್ಯ ಅವರ ವಿಷಯ ಓದಿ ಮೈ ಜುಮ್ಮೆಂದಿತು. ಆದರೆ ಓದುವವರಿಗೆ ಒಂದು ವ್ಯತ್ಯಾಸ ತಿಳಿದಿರಲಿ, ಇಲ್ಲದಿದ್ದರೆ ತಪ್ಪು ಅರ್ಜಿ ಹಾಕುತ್ತಾರೆ.

ಶೌರ್ಯ ಪ್ರಶಸ್ತಿ ಬೇರೆ, ಯುದ್ಧದ ಮೆಡಲ್ ಬೇರೆ. ಮಹಾವೀರ ಚಕ್ರ, ವೀರ ಚಕ್ರ, ಸೇನಾ ಮೆಡಲ್, ಇವಕ್ಕೆ ಮೇಲಧಿಕಾರಿಯ ಶಿಫಾರಸು ಬೇಕು, ಸಾಕ್ಷಿ ಬೇಕು, ಸಮಿತಿಗಳು ಒಪ್ಪಬೇಕು, ಗೆಜೆಟ್‌ನಲ್ಲಿ ಬರಬೇಕು. ತಡವಾಗಿ ಕೇಳಿ ಪಡೆಯುವುದು ಬಹಳ ಅಪರೂಪ. ದೇವಯ್ಯ ಅವರದು ಆ ಅಪರೂಪದಲ್ಲಿ ಒಂದು. ಪಶ್ಚಿಮಿ ಸ್ಟಾರ್ ಹಾಗಲ್ಲ. ಗೊತ್ತುಮಾಡಿದ ಜಾಗದಲ್ಲಿ, ಗೊತ್ತುಮಾಡಿದ ದಿನಗಳಲ್ಲಿ ಇದ್ದರೆ ಆಯಿತು. ಪಶ್ಚಿಮದಲ್ಲಿ ಯುದ್ಧ ನಡೆದದ್ದು 1971ರ ಡಿಸೆಂಬರ್ 3ರಿಂದ 17. ಆ ದಿನಗಳಲ್ಲಿ ನೀನು ಎಲ್ಲಿದ್ದೆ ಅನ್ನುವುದಷ್ಟೇ ಪ್ರಶ್ನೆ. ಸಂಗ್ರಾಮ್ ಮೆಡಲ್ ಅವಧಿ ಇನ್ನೂ ಉದ್ದ, 1972ರ ಡಿಸೆಂಬರ್‌ವರೆಗೂ ಹೋಗುತ್ತದೆ. ಯಾರೂ ಯಾರನ್ನೂ ಶಿಫಾರಸು ಮಾಡಬೇಕಿಲ್ಲ. ಅದು ಸಿಪಾಯಿ ಆಗಲೇ ಗಳಿಸಿದ್ದು. ಬರೆಯದೆ ಬಿಟ್ಟಿದ್ದಾರೆ, ಅಷ್ಟೇ.

ಹಾಗಾಗಿ ಅರ್ಜಿಯಲ್ಲಿ "ದಯವಿಟ್ಟು ಅನುಗ್ರಹಿಸಿ" ಅನ್ನುವ ಭಾಷೆ ಬೇಡ. ಮರ್ಯಾದೆಯಿಂದ ಬರೆಯಿರಿ, ಆದರೆ ಬೇಡುವ ಹಾಗೆ ಬೇಡ.

ಗದಗ ಮೊಮ್ಮಗ

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನಮ್ಮ ಅಜ್ಜನದೂ ಇಂಥದ್ದೇ. 1950ರ ದಶಕದಲ್ಲಿ ಸೇರಿ 1962ರಲ್ಲಿ ನೇಫಾದಲ್ಲಿ (ಈಗಿನ ಅರುಣಾಚಲ ಪ್ರದೇಶ) ಇದ್ದರಂತೆ. ಒಂಬತ್ತು ಹತ್ತು ವರ್ಷ ಸೇವೆ ಮಾಡಿ ಮನೆ ಕಷ್ಟಕ್ಕೆ ಬಿಟ್ಟು ಬಂದರು. ಪೆನ್ಷನ್ ಇರಲಿಲ್ಲ. ಈಗ ತೀರಿಕೊಂಡಿದ್ದಾರೆ. ದಾಖಲೆ ಕಚೇರಿಗೆ ಬರೆದರೆ "ಕಾಗದಗಳನ್ನು ನಿಯಮದಂತೆ ನಾಶ ಮಾಡಲಾಗಿದೆ" ಎಂದು ಉತ್ತರ. ಇದು ನಿಜವಾ, ಸುಮ್ನೆ ಸಾಗಹಾಕುವ ಮಾತಾ?

ಕ್ಲರ್ಕ್ ಸಾಬ್

ನಿಜ ತಮ್ಮಾ. ಪೆನ್ಷನ್ ಇಲ್ಲದೆ ಬಿಟ್ಟವರ ಕಾಗದಗಳನ್ನು 25 ವರ್ಷ ಇಟ್ಟು ಆಮೇಲೆ ನಾಶ ಮಾಡುವ ನಿಯಮ ಇದೆ. ಪೆನ್ಷನ್‌ದಾರರ ಕಾಗದ ಅದಕ್ಕಿಂತ ಬಹಳ ಕಾಲ ಇರುತ್ತದೆ. ಹೇಮಾವತಿ ತಂಗಿಯ ತಂದೆಯ ಅದೃಷ್ಟ ಅದು. ನಿಮ್ಮ ಅಜ್ಜನಂಥವರಿಗೆ ಈ ನಿಯಮದಿಂದ ದೊಡ್ಡ ಅನ್ಯಾಯ ಆಗಿದೆ ಅಂತಲೇ ನನ್ನ ಅಭಿಪ್ರಾಯ. ಅವರೂ ಅದೇ ಬೆಟ್ಟದಲ್ಲಿ, ಅದೇ ಚಳಿಯಲ್ಲಿ ಇದ್ದವರು. ಹತ್ತು ವರ್ಷಕ್ಕೆ ಬಿಟ್ಟರು ಅನ್ನುವ ಒಂದೇ ಕಾರಣಕ್ಕೆ ಅವರ ಹಾಳೆ ಸುಟ್ಟುಹೋಯಿತು.

ಆದರೂ ಎಲ್ಲ ಹೋಗಿಲ್ಲ. ಲಾಂಗ್ ರೋಲ್ ಅಂತ ಒಂದು ದೊಡ್ಡ ರಿಜಿಸ್ಟರ್ ಇರುತ್ತದೆ. ಅದನ್ನು ನಾಶ ಮಾಡುವುದಿಲ್ಲ. ಅದರಲ್ಲಿ ನಂಬರ್, ಹೆಸರು, ಸೇರಿದ ದಿನ, ಬಿಟ್ಟ ದಿನ, ಯಾಕೆ ಬಿಟ್ಟರು ಅನ್ನುವುದು ಸಿಗುತ್ತದೆ. ಕೆಲವದರಲ್ಲಿ ಇನ್ನೂ ಸ್ವಲ್ಪ ಹೆಚ್ಚು ಬರೆದಿರುತ್ತದೆ. "ಲಾಂಗ್ ರೋಲ್‌ನ ಸಂಬಂಧಪಟ್ಟ ಸಾಲಿನ ಪ್ರತಿ ಕೊಡಿ" ಅಂತಲೇ ಹೆಸರಿಟ್ಟು ಕೇಳಿ. ಹೆಸರಿಟ್ಟು ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ.

1962ರ ನೇಫಾಕ್ಕೆ ಜನರಲ್ ಸರ್ವಿಸ್ ಮೆಡಲ್ 1947 ಇದೆ, ಅದರ ರಿಬ್ಬನ್ ಮೇಲೆ ನೇಫಾ 1962 ಅನ್ನುವ ಕ್ಲಾಸ್ಪ್, ಅಂದರೆ ಹೆಸರು ಬರೆದ ಸಣ್ಣ ಲೋಹದ ಪಟ್ಟಿ ಬರುತ್ತದೆ. ಮನೆಯಲ್ಲಿ ಅಜ್ಜನ ಹಳೇ ಟ್ರಂಕ್ ಇದ್ದರೆ ಹುಡುಕಿ. ಡಿಸ್ಚಾರ್ಜ್ ಸರ್ಟಿಫಿಕೇಟ್, ಮನಿ ಆರ್ಡರ್ ರಸೀದಿ, ಕಾಗದದ ಮೇಲಿನ ಫೀಲ್ಡ್ ಪೋಸ್ಟ್ ಆಫೀಸ್ ಮುದ್ರೆ, ಏನು ಸಿಕ್ಕರೂ ಬಿಸಾಡಬೇಡಿ. ಅಂಚೆ ಮುದ್ರೆಯಲ್ಲಿ ನಂಬರ್ ಇರುತ್ತದೆ, ತಾರೀಖು ಇರುತ್ತದೆ. ಆ ದಿನ ಆ ಕಾಗದ ಎಲ್ಲಿಂದ ಹೊರಟಿತು ಅನ್ನುವುದಕ್ಕೆ ಅದೂ ಒಂದು ಸುಳಿವು. ತೀರಿಕೊಂಡವರ ಪರವಾಗಿ ವಾರಸುದಾರರು ಅರ್ಜಿ ಹಾಕಬಹುದು. ಅಜ್ಜಿ ಇದ್ದರೆ ಅವರ ಹೆಸರಿನಲ್ಲೇ ಹಾಕಿಸಿ.

ಗದಗ ಮೊಮ್ಮಗ

ಅಜ್ಜಿ ಇದ್ದಾರೆ ಸರ್. ಲಾಂಗ್ ರೋಲ್ ಅನ್ನುವ ಹೆಸರನ್ನೇ ಇವತ್ತು ಕೇಳಿದೆ. ಟ್ರಂಕ್ ನಮ್ಮ ದೊಡ್ಡಪ್ಪನ ಮನೆಯಲ್ಲಿದೆ, ಈ ಭಾನುವಾರವೇ ಹೋಗುತ್ತೇನೆ.

ಕೋರ್ಟ್ ಮೆಟ್ಟಿಲು

ನಾನು ಬೆಂಗಳೂರಿನಲ್ಲಿ ವಕೀಲೆ. ಸೈನಿಕರ ಕೇಸುಗಳನ್ನು ನೋಡುತ್ತೇನೆ. ಕಾನೂನಿನ ಕಡೆಯಿಂದ ಸ್ವಲ್ಪ ಹೇಳುತ್ತೇನೆ.

ದಾಖಲೆ ಕಚೇರಿ ಕೊನೆಗೂ ಆಗುವುದಿಲ್ಲ ಎಂದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. 2007ರ ಕಾಯ್ದೆ, ಕೆಲಸ ಶುರುವಾದದ್ದು 2009ರಲ್ಲಿ. ಕರ್ನಾಟಕದವರ ಕೇಸುಗಳು ಕೊಚ್ಚಿ ಪೀಠಕ್ಕೆ ಸೇರುತ್ತವೆ. ಆದರೆ ನೇರ ಅಲ್ಲಿಗೆ ಓಡಬೇಡಿ. ಇಲಾಖೆಯೊಳಗೆ ಇರುವ ದಾರಿಗಳನ್ನೆಲ್ಲ ಮೊದಲು ಮುಗಿಸಿ ಬನ್ನಿ ಎಂದು ಕಾಯ್ದೆಯೇ ಹೇಳುತ್ತದೆ. ಅಂತಿಮ ಉತ್ತರ ಬಂದ ಮೇಲೆ ಆರು ತಿಂಗಳೊಳಗೆ ಹಾಕಬೇಕು. ತಡವಾದರೆ ಸಮರ್ಪಕ ಕಾರಣ ಕೊಟ್ಟು ಮನ್ನಾ ಕೇಳಬಹುದು.

ಆದ್ದರಿಂದ ಈಗಿನಿಂದಲೇ ಒಂದೊಂದು ಕಾಗದವನ್ನೂ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅವರ ಉತ್ತರದ ಲಕೋಟೆಯನ್ನೂ ಇಡಿ, ತಾರೀಖು ಅದರ ಮೇಲೆ ಇರುತ್ತದೆ. ಫೋನ್‌ನಲ್ಲಿ ಮಾತಾಡಿದ್ದು ಲೆಕ್ಕಕ್ಕೆ ಬರುವುದಿಲ್ಲ.

ನ್ಯಾಯಮಂಡಳಿ ದಾಖಲೆ ತಿದ್ದಿಸಿದ್ದಕ್ಕೆ ದೊಡ್ಡ ಉದಾಹರಣೆ ಇದೆ. ಕಾರ್ಗಿಲ್‌ನಲ್ಲಿ 70ನೇ ಇನ್‌ಫೆಂಟ್ರಿ ಬ್ರಿಗೇಡ್ ನಡೆಸಿದ ಬ್ರಿಗೇಡಿಯರ್ ದೇವಿಂದರ್ ಸಿಂಗ್ ಅವರ ಯುದ್ಧದ ವರದಿಯಲ್ಲಿ ಅನ್ಯಾಯ ಆಗಿದೆ ಎಂದು 2010ರಲ್ಲಿ ದೆಹಲಿಯ ಪ್ರಧಾನ ಪೀಠ ಹೇಳಿತು. ಅದನ್ನು ಸರಿಪಡಿಸಲು ಸೇನೆಗೆ ಸೂಚಿಸಿತು. ಅದು ಬ್ರಿಗೇಡಿಯರ್ ಮಟ್ಟದ ಕೇಸು. ನಾಯಕ್ ಒಬ್ಬರ ಪಶ್ಚಿಮಿ ಸ್ಟಾರ್‌ಗೆ ಅಷ್ಟು ದೂರ ಹೋಗಬೇಕಾದೀತು ಅಂತ ನನಗೆ ಅನ್ನಿಸುವುದಿಲ್ಲ. ಕ್ಲರ್ಕ್ ಸಾಬ್ ಹೇಳಿದ ಹಾಗೆ ಬರೆದರೆ ಕಚೇರಿಯಲ್ಲೇ ಮುಗಿಯುತ್ತದೆ.

ಹೇಮಾವತಿ ತೀರ

ಮೇಡಂ, ಇನ್ನೊಂದು ಸಂದೇಹ. ಯೂನಿಟ್ ಆ ದಿನಗಳಲ್ಲಿ ಎಲ್ಲಿತ್ತು ಅನ್ನುವುದನ್ನು ನಾವು ಹೇಗೆ ತೋರಿಸುವುದು? ಅಪ್ಪ ಹಳ್ಳಿಗಳ ಹೆಸರು ಹೇಳುತ್ತಾರೆ, ಆದರೆ ಕಾಗದ ಇಲ್ಲ.

ಕೋರ್ಟ್ ಮೆಟ್ಟಿಲು

ಅದನ್ನು ನೀವು ತೋರಿಸಬೇಕಿಲ್ಲ, ಅವರ ಹತ್ತಿರವೇ ಇದೆ. ಪ್ರತಿ ಯೂನಿಟ್ ಯುದ್ಧದಲ್ಲಿ ವಾರ್ ಡೈರಿ ಬರೆಯುತ್ತದೆ. ದಿನ ದಿನದ ಲೆಕ್ಕ. ರಕ್ಷಣಾ ಸಚಿವಾಲಯದಲ್ಲಿ ಇದಕ್ಕೆಂದೇ ಇತಿಹಾಸ ವಿಭಾಗ ಇದೆ. 2021ರ ಜೂನ್‌ನಲ್ಲಿ ಸಚಿವಾಲಯ ಒಂದು ನೀತಿ ತಂದಿತು, ಸಾಮಾನ್ಯವಾಗಿ 25 ವರ್ಷಕ್ಕೆ ಇಂಥ ದಾಖಲೆಗಳನ್ನು ಗೋಪ್ಯ ಪಟ್ಟಿಯಿಂದ ತೆಗೆಯಬೇಕು ಅಂತ. ಅರ್ಜಿಯಲ್ಲಿ "ಯೂನಿಟ್‌ನ ವಾರ್ ಡೈರಿ ಮತ್ತು ಆ ಅವಧಿಯ ಪಾರ್ಟ್ ಟೂ ಆರ್ಡರ್‌ಗಳ ಜೊತೆ ತಾಳೆ ನೋಡಿ" ಎಂದು ಒಂದು ವಾಕ್ಯ ಸೇರಿಸಿ. ನೋಡಬೇಕಾದ ಹೊಣೆ ಅವರದಾಗುತ್ತದೆ. ಅಪ್ಪ ಹೇಳುವ ಹಳ್ಳಿಗಳ ಹೆಸರನ್ನೂ ಬರೆಯಿರಿ. ಡೈರಿಯಲ್ಲಿರುವ ಹೆಸರಿಗೆ ಅದು ಹೊಂದಿದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ.

ನೀಲಿ ಸಮವಸ್ತ್ರ

ವಾಯುಪಡೆಯವರು ಯಾರಾದರೂ ಓದುತ್ತಿದ್ದರೆ, ಏರ್‌ಮನ್‌ಗಳ ದಾಖಲೆ ಎಲ್ಲ ದೆಹಲಿಯ ಸುಬ್ರೊತೊ ಪಾರ್ಕ್‌ನಲ್ಲಿರುವ ಒಂದೇ ಕಚೇರಿಯಲ್ಲಿ. ನೌಕಾಪಡೆಯ ನಾವಿಕರದ್ದು ಮುಂಬೈ ಮಾನಖುರ್ದ್‌ನಲ್ಲಿ. ಸೇನೆಯದು ಮಾತ್ರ ರೆಜಿಮೆಂಟ್‌ಗೊಂದು ಊರು. ಮರಾಠಾ ಲೈಟ್ ಇನ್‌ಫೆಂಟ್ರಿಯದು ಬೆಳಗಾವಿ, ಮದ್ರಾಸ್ ಸ್ಯಾಪರ್ಸ್‌ದು ಬೆಂಗಳೂರು, ಮದ್ರಾಸ್ ರೆಜಿಮೆಂಟ್‌ದು ವೆಲ್ಲಿಂಗ್ಟನ್, ಆರ್ಟಿಲರಿಯದು ನಾಸಿಕ್ ರೋಡ್, ಸಿಗ್ನಲ್ಸ್‌ದು ಜಬಲ್‌ಪುರ, ವಾಹನ, ಯಂತ್ರ ರಿಪೇರಿಯ ಇಎಂಇ ವಿಭಾಗದ್ದು ಸಿಕಂದರಾಬಾದ್. ತಪ್ಪು ಊರಿಗೆ ಹೋದ ಕಾಗದ ಎಲ್ಲೆಲ್ಲೋ ಸುತ್ತುತ್ತದೆ. ವಿಳಾಸ ಗೊತ್ತಾಗದಿದ್ದರೆ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಉಪನಿರ್ದೇಶಕರ ಕಚೇರಿಗೆ ಹೋಗಿ. ಅವರ ಮೂಲಕ ಕಾಗದ ಕಳಿಸಿದರೆ ಇನ್ನೂ ಒಳ್ಳೆಯದು.

ಮತ್ತೆ, ಮನೆಯಲ್ಲಿ ಯಾರಿಗಾದರೂ ಸೇನಾ ಮೆಡಲ್ ಬಂದಿದ್ದರೆ ಪೆನ್ಷನ್ ದಾಖಲೆಯಲ್ಲಿ ಅದು ಇದೆಯಾ ನೋಡಿಕೊಳ್ಳಿ. ಶೌರ್ಯಕ್ಕೆ ಕೊಟ್ಟ ಸೇನಾ ಮೆಡಲ್‌ಗೆ 2017ರ ಆಗಸ್ಟ್‌ನಿಂದ ತಿಂಗಳಿಗೆ 2,000 ರೂಪಾಯಿ ಭತ್ಯೆ ಇದೆ. ವೀರ ಚಕ್ರಕ್ಕೆ 7,000. ಪೆನ್ಷನ್ ಸ್ಪರ್ಶ್ ಅನ್ನುವ ಆನ್‌ಲೈನ್ ವ್ಯವಸ್ಥೆಗೆ ಬಂದ ಮೇಲೆ ಮಾಹಿತಿ ಬಿಟ್ಟುಹೋಗಿದ್ದರೆ ಭತ್ಯೆ ನಿಲ್ಲುವ ಅಪಾಯ ಇರುತ್ತದೆ. ಇಂಥವಕ್ಕೆ ಗೆಜೆಟ್ ಅಧಿಸೂಚನೆಯ ಪ್ರತಿಯೇ ಆಧಾರ.

ಹಾಸನ ಎಕ್ಸ್‌ಪ್ರೆಸ್

ದೆಹಲಿ ಕಂಟೋನ್ಮೆಂಟ್‌ನ ಗೋಪಿನಾಥ್ ಬಜಾರ್‌ನಲ್ಲಿ ಎಲ್ಲ ಮೆಡಲ್ ಸಿಗುತ್ತವೆ ಮೇಡಂ. ಅಪ್ಪನಿಗೆ ವಯಸ್ಸಾಗಿದೆ. ಅಷ್ಟರವರೆಗೆ ಒಂದು ತಂದು ಹಾಕಿ, ಖುಷಿಪಡಲಿ.

ಕ್ಲರ್ಕ್ ಸಾಬ್

ನಿಮ್ಮ ಮನಸ್ಸು ಒಳ್ಳೆಯದು, ಆದರೆ ಈಗಲೇ ಬೇಡ. ದಾಖಲೆಯಲ್ಲಿ ಏರಿದ ಮೇಲೆ ಬಜಾರಿನ ಮೆಡಲ್ ಹಾಕಿದರೆ ತಪ್ಪಿಲ್ಲ. ಸರ್ವಿಸ್‌ನಲ್ಲಿರುವವರೂ ಸರ್ಕಾರದ ಮೆಡಲ್ ತಡವಾದಾಗ ಹಾಗೇ ಮಾಡುತ್ತಾರೆ. ದಾಖಲೆ ಆಗುವ ಮೊದಲು ಹಾಕಿಕೊಂಡರೆ, ನಾಳೆ ಯಾರಾದರೂ ಒಂದು ಮಾತು ಆಡಿದರೂ ಅವರಿಗೆ ನೋವಾಗುತ್ತದೆ. 15 ವರ್ಷಕ್ಕೂ ಹೆಚ್ಚು ಕಾಲ ಪ್ರಾಮಾಣಿಕವಾಗಿ ದುಡಿದ ಮನುಷ್ಯ ಅವರು. ಸರ್ಕಾರದ ಮೆಡಲ್ ಅಂಚಿನಲ್ಲಿ ನಂಬರ್, ರ‍್ಯಾಂಕ್, ಹೆಸರು ಕೊರೆದಿರುತ್ತದೆ. ಬಜಾರಿನದರಲ್ಲಿ ಅದು ಇರುವುದಿಲ್ಲ. ಕಾಯುವುದಾದರೆ ಅದಕ್ಕೇ ಕಾಯಬೇಕು.

ಹೇಮಾವತಿ ತೀರ

ಶೀಟ್ ರೋಲ್ ಪ್ರತಿ ಬಂತು! ಅಪ್ಪನ ಸಹಿಯಲ್ಲೇ ಮಾಹಿತಿ ಹಕ್ಕಿನಲ್ಲಿ ಹಾಕಿದ್ದೆವು. ಕೈಬರಹ ಓದುವುದು ಕಷ್ಟ, ಆದರೂ ಅಪ್ಪ ಕನ್ನಡಕ ಹಾಕಿಕೊಂಡು ಒಂದೊಂದು ಸಾಲೂ ಓದಿ ಹೇಳಿದರು. ಯೂನಿಟ್‌ಗೆ ಬಂದ ತಾರೀಖು 1969ರಲ್ಲಿದೆ. ಆಸ್ಪತ್ರೆಗೆ ಸೇರಿದ ತಾರೀಖು 1972ರ ಜನವರಿ. ನಡುವೆ ಬೇರೆ ಪೋಸ್ಟಿಂಗ್ ಇಲ್ಲ, ರಜೆಯೂ ಇಲ್ಲ. ಅಂದರೆ ಡಿಸೆಂಬರ್ ಪೂರ್ತಿ ಯೂನಿಟ್‌ನಲ್ಲೇ ಇದ್ದರು. ಮೆಡಲ್ ಕಾಲಂ ಮಾತ್ರ ಡಿಸ್ಚಾರ್ಜ್ ಬುಕ್‌ನಂತೆಯೇ ಇದೆ.

ಅರ್ಜಿ ಹೀಗೆ ಬರೆದಿದ್ದೇನೆ, ದಯವಿಟ್ಟು ನೋಡಿ. ಇಂಗ್ಲಿಷ್‌ನಲ್ಲಿ ಕಳಿಸುತ್ತೇನೆ, ಇಲ್ಲಿ ಕನ್ನಡದಲ್ಲಿ ಹಾಕಿದ್ದೇನೆ.

"ನಾನು ಮೇಲಿನ ನಂಬರಿನ ಮಾಜಿ ನಾಯಕ್. ನನ್ನ ಶೀಟ್ ರೋಲ್ ಪ್ರಕಾರ 1969ರಿಂದ 1972ರ ಜನವರಿಯವರೆಗೆ ನಾನು ಒಂದೇ ಯೂನಿಟ್‌ನಲ್ಲಿ ಸೇವೆ ಸಲ್ಲಿಸಿದ್ದೇನೆ. 1971ರ ಡಿಸೆಂಬರ್ 3ರಿಂದ 17ರವರೆಗೆ ಆ ಯೂನಿಟ್ ಶಕರ್‌ಗಢ ಸೆಕ್ಟರ್‌ನಲ್ಲಿತ್ತು. ನನ್ನ ಜೊತೆ ಅದೇ ಕಂಪನಿಯಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್ ಮತ್ತು ಸಂಗ್ರಾಮ್ ಮೆಡಲ್ ದಾಖಲಾಗಿವೆ, ನಕಲು ಲಗತ್ತಿಸಿದೆ. 1972ರ ಆಗಸ್ಟ್ 15ರಂದು ನಾನು ಸೇವೆಯಲ್ಲಿದ್ದೆ. ಆಸ್ಪತ್ರೆಯಿಂದ ನೇರ ಬೇರೆಡೆಗೆ ಪೋಸ್ಟಿಂಗ್ ಆದ್ದರಿಂದ ನನ್ನ ಹೆಸರಿನಲ್ಲಿ ಪಾರ್ಟ್ ಟೂ ಆರ್ಡರ್ ಹೊರಟಿಲ್ಲ. ವಾರ್ ಡೈರಿ ಮತ್ತು ಆ ಕಾಲದ ಆರ್ಡರ್‌ಗಳ ಜೊತೆ ತಾಳೆ ನೋಡಿ, ಮೂರೂ ಮೆಡಲ್‌ಗಳಿಗೆ ಪಾರ್ಟ್ ಟೂ ಆರ್ಡರ್ ಹೊರಡಿಸಿ, ನನ್ನ ದಾಖಲೆ ತಿದ್ದಿ, ತಿದ್ದಿದ ಪ್ರತಿ ಕಳಿಸಬೇಕು. ಸಾಧ್ಯವಿಲ್ಲವಾದರೆ ಯಾವ ನಿಯಮದ ಪ್ರಕಾರ ಎಂದು ಕಾರಣ ಬರೆದು ತಿಳಿಸಬೇಕು."

ಕ್ಲರ್ಕ್ ಸಾಬ್

ಭೇಷ್! ನಾನು ಕಚೇರಿಯಲ್ಲಿ ಇದ್ದಿದ್ದರೆ ಈ ಅರ್ಜಿಯನ್ನು ಒಂದು ಸಾಲಿನಲ್ಲಿ ವಾಪಸ್ ಕಳಿಸಲು ಆಗುತ್ತಿರಲಿಲ್ಲ. ಎರಡು ಸೇರಿಸಿ. ಒಂದು, ಶೀಟ್ ರೋಲ್‌ನ ಆ ಎರಡು ಎಂಟ್ರಿಗಳ ಪಾರ್ಟ್ ಟೂ ಆರ್ಡರ್ ನಂಬರ್ ಪಕ್ಕದಲ್ಲೇ ಇರುತ್ತದೆ, ಅದನ್ನೂ ಬರೆಯಿರಿ. ಎರಡು, "ಸೈನ್ಯ ಸೇವಾ ಮೆಡಲ್‌ಗೆ ಯಾವ ಕ್ಲಾಸ್ಪ್" ಎಂದು ಕೇಳಿ. ನಿಮ್ಮ ಡಿಸ್ಚಾರ್ಜ್ ಬುಕ್‌ನಲ್ಲಿ ಅದನ್ನು ಬರೆದಿಲ್ಲ ಅನ್ನಿಸುತ್ತದೆ. ಕ್ಲಾಸ್ಪ್ ಇಲ್ಲದೆ ಆ ಮೆಡಲ್ ಪೂರ್ತಿ ಅಲ್ಲ.

ಮಡಿಕೇರಿ ಮಂಜು

ಅಕ್ಕ, ಹೊಳೆನರಸೀಪುರದ ಆ ಅಂಕಲ್ ಹತ್ತಿರ ಒಂದು ಅಫಿಡವಿಟ್ ಕೂಡ ಮಾಡಿಸಿ ಇಟ್ಟುಕೊಳ್ಳಿ. ಈಗ ಬೇಕಾಗದಿದ್ದರೂ ಮುಂದೆ ಬೇಕಾಗಬಹುದು. ಅವರಿಗೂ ವಯಸ್ಸಾಗಿದೆ ಅಲ್ವಾ.

ಹೇಮಾವತಿ ತೀರ

ಕೆಲವು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಉತ್ತರ ಬಂದಿದೆ. 25ನೇ ಸ್ವಾತಂತ್ರ್ಯೋತ್ಸವ ಮೆಡಲ್ ಮತ್ತು ಸಂಗ್ರಾಮ್ ಮೆಡಲ್‌ಗೆ ಪಾರ್ಟ್ ಟೂ ಆರ್ಡರ್ ಹೊರಡಿಸಿದ್ದಾರೆ. ನಂಬರ್ ಸಮೇತ ಪ್ರತಿ ಕಳಿಸಿದ್ದಾರೆ. ಪಶ್ಚಿಮಿ ಸ್ಟಾರ್ ಬಗ್ಗೆ ಯೂನಿಟ್‌ನಿಂದ ಖಚಿತಪಡಿಸಿಕೊಳ್ಳಬೇಕು, ಬರೆದಿದ್ದೇವೆ ಎಂದಿದ್ದಾರೆ. ಅಪ್ಪ ಆ ಕಾಗದವನ್ನು ಎರಡು ಸಲ ಓದಿದರು. ಆಮೇಲೆ ಹೊಳೆನರಸೀಪುರಕ್ಕೆ ಫೋನ್ ಮಾಡಿ ತುಂಬ ಹೊತ್ತು ಮಾತಾಡಿದರು. ಅಫಿಡವಿಟ್ ಆಗಲೇ ಮಾಡಿಸಿದ್ದೇವೆ. ಈಗ ಕಳಿಸಲಾ, ಕಾಯಲಾ?

ಕ್ಲರ್ಕ್ ಸಾಬ್

ಈಗಲೇ ಕಳಿಸಿ. ಅವರು ಯೂನಿಟ್‌ಗೆ ಬರೆದ ಕಾಗದದ ನಂಬರ್ ಮತ್ತು ತಾರೀಖನ್ನು ಮೇಲೆ ಹಾಕಿ. ಒಂದು ಪ್ರತಿ ದಾಖಲೆ ಕಚೇರಿಗೆ, ಇನ್ನೊಂದು ನೇರ ಯೂನಿಟ್‌ನ ಅಡ್ಜುಟೆಂಟ್‌ಗೆ, ಅಂದರೆ ಅಲ್ಲಿನ ಆಡಳಿತ ನೋಡುವ ಅಧಿಕಾರಿಗೆ. ಯೂನಿಟ್‌ಗಳಲ್ಲಿ ಈಗಿನ ಹುಡುಗರಿಗೆ ತಮ್ಮ 1971ರ ಹಿರಿಯರು ಅಂದರೆ ಬಹಳ ಗೌರವ. ನಿಮ್ಮ ತಂದೆಯ ಫೋಟೋ ಒಂದನ್ನೂ ಜೊತೆಗೆ ಇಡಿ.

ಗದಗ ಮೊಮ್ಮಗ

ನಮ್ಮದೂ ಸ್ವಲ್ಪ ಮುಂದೆ ಹೋಗಿದೆ. ಟ್ರಂಕ್‌ನಲ್ಲಿ ಎರಡು ಲಕೋಟೆ ಸಿಕ್ಕವು, 1962ರ ಅಕ್ಟೋಬರ್‌ನ ಫೀಲ್ಡ್ ಪೋಸ್ಟ್ ಆಫೀಸ್ ಮುದ್ರೆ ಸ್ಪಷ್ಟವಾಗಿದೆ. ಲಾಂಗ್ ರೋಲ್‌ಗೆ ಅಜ್ಜಿಯ ಹೆಬ್ಬೆಟ್ಟಿನಲ್ಲಿ ಅರ್ಜಿ ಹೋಗಿದೆ. ಹೆಬ್ಬೆಟ್ಟು ಇದ್ದರೆ ಬೇರೆಯವರ ಸಾಕ್ಷಿ ಸಹಿ ಬೇಕಾ ಸರ್?

ಕ್ಲರ್ಕ್ ಸಾಬ್

ಬೇಕು. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ದೃಢೀಕರಿಸಿ ಇನ್ನೊಂದು ಪ್ರತಿ ಕಳಿಸಿಬಿಡಿ. ಲಕೋಟೆಗಳ ಮೂಲ ಕಳಿಸಬೇಡಿ, ನಕಲು ಮಾತ್ರ.